ಶುಶ್ರೂಷೆ ಎಂದರೆ ಕೇಳುವುದು

ನಾವು ದಿನವೂ ಬಳಸುವ ಕೆಲವು ಶಬ್ದಗಳು ತಮ್ಮ ಒಡಲಲ್ಲಿ ಒಂದು ಇತಿಹಾಸವನ್ನೇ ಅಡಗಿಸಿಕೊಂಡಿರುತ್ತವೆ. 'ಶುಶ್ರೂಷೆ' ಎಂಬುದು ಅಂಥ ಒಂದು ಶಬ್ದ. ರೋಗಿಯ ಆರೈಕೆ, ಉಪಚಾರ ಎಂಬ ಅರ್ಥದಲ್ಲಿ ಅದು ನಮಗೆ ಬಳಕೆಯಾಗಿದೆ. ಆದರೆ ಅದರ ಧಾತು ಸಂಸ್ಕೃತದ 'ಶ್ರು'. ಶ್ರವಣ, ಶ್ರುತಿ, ಶ್ರೋತೃ ಎಂಬ ಮಾತುಗಳೆಲ್ಲ ಹುಟ್ಟಿದ್ದು ಅದರಿಂದಲೇ. ಶುಶ್ರೂಷೆಯ ಮೂಲಾರ್ಥ 'ಕೇಳಬೇಕೆಂಬ ಬಯಕೆ'. ಗುರುವಿನ ಮಾತನ್ನು ಕೇಳಬಯಸಿದ ಶಿಷ್ಯ ಗುರುವಿನ ಸೇವೆಗೆ ನಿಂತ. ಅಲ್ಲಿಂದ ಶಬ್ದವು ಸೇವೆ ಎಂಬ ಅರ್ಥಕ್ಕೆ ಹೊರಳಿತು. ಕಡೆಗೆ ರೋಗಿಯ ಮಂಚದ ಬಳಿಗೆ ಬಂದು ನಿಂತಿತು. ಅರ್ಥ ಹೀಗೆ ಹೊರಳುವಾಗ ಕೇಳುವ ಮಾತು ಹಿಂದೆ ಬಿತ್ತು, ಸೇವೆ ಮುಂದೆ ಬಂತು. ಆಧುನಿಕ ದಾದಿವೃತ್ತಿಯ ಚರಿತ್ರೆಯಲ್ಲಿಯೂ ಇಂಥದೇ ಒಂದು ಮರೆವು ನಡೆದುಹೋಗಿದೆ. ಆ ಮರೆವು ಎಲ್ಲಿ ಸಂಭವಿಸಿತು, ರೋಗಿಯ ನೋವನ್ನು ಕೇಳುವ ಕಿವಿ ಮತ್ತೆ ಹೇಗೆ ದೊರೆಯಿತು ಎಂಬುದನ್ನು ನೋಡುವುದು ಈ ಭಾಷಣದ ಉದ್ದೇಶ.

ನಮ್ಮ ಪ್ರಾಚೀನರು ಈ ವಿಚಾರದಲ್ಲಿ ಆಳವಾಗಿ ಯೋಚಿಸಿದ್ದರು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು. ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವ ಇವು ಮೂರು. ನಾಲ್ಕನೆಯದು ರೋಗಿಯಲ್ಲಿ ಅನುರಾಗ. ಅನುರಾಗವನ್ನು ಅಲ್ಲಿ ಪುಣ್ಯದ ಪಟ್ಟಿಗೆ ಸೇರಿಸದೆ ಕೆಲಸದ ಅರ್ಹತೆಯ ಪಟ್ಟಿಗೆ ಸೇರಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಇನ್ನೂ ಕುತೂಹಲದ ಸಂಗತಿಯೆಂದರೆ, ರೋಗಿಗೂ ಅಲ್ಲಿ ಗುಣಗಳನ್ನು ವಿಧಿಸಲಾಗಿದೆ. ಅವುಗಳಲ್ಲಿ ಒಂದು, ತನ್ನ ವ್ಯಾಧಿಯನ್ನು ತಿಳಿಯಹೇಳುವ ಶಕ್ತಿ. ಹೇಳುವವನು ಒಬ್ಬನಿದ್ದರೆ ಕೇಳುವವನೂ ಒಬ್ಬನಿರಬೇಕಷ್ಟೆ.

ಈಗ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ಬರೋಣ. ಇಂದು ಜಗತ್ತಿನಲ್ಲಿ ರೂಢಿಯಲ್ಲಿರುವ ದಾದಿವೃತ್ತಿಗೆ ಒಂದು ಆಕಾರ ಬಂದದ್ದು ಅಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಸೇವೆಗೆ ಹೋದದ್ದು, ದೀಪ ಹಿಡಿದು ರಾತ್ರಿ ಸುತ್ತಿದ್ದು ನಮ್ಮ ಶಾಲಾ ಪಾಠಗಳಲ್ಲಿಯೂ ಬಂದ ಕಥೆ. ಆದರೆ 1859ರಲ್ಲಿ ಆಕೆ ಶುಶ್ರೂಷೆಯನ್ನು ಕುರಿತು ಬರೆದ ಪುಟ್ಟ ಪುಸ್ತಕವನ್ನು ತೆರೆದವರಿಗೆ ಆ ದೀಪಕ್ಕಿಂತ ಪ್ರಖರವಾದ ಒಂದು ದೃಷ್ಟಿ ಕಾಣುತ್ತದೆ. ರೋಗಿಯ ಕೋಣೆಯ ಬಾಗಿಲ ಹೊರಗೆ ನಿಂತು ಪಿಸುಗುಟ್ಟುವುದು ಕ್ರೌರ್ಯ ಎನ್ನುತ್ತಾರೆ ಆಕೆ. ಆ ಪಿಸುಮಾತು ತನ್ನನ್ನೇ ಕುರಿತದ್ದೆಂದು ರೋಗಿ ಕಿವಿ ನಿಮಿರಿಸುತ್ತಾನೆ. ಮಾತನಾಡುವಾಗ ರೋಗಿಯ ಕಣ್ಣಿಗೆ ಬೀಳುವಂತೆ ಕುಳಿತುಕೊಳ್ಳಬೇಕು, ಅವನು ನೋಯುತ್ತ ಕತ್ತು ಹೊರಳಿಸುವಂತೆ ಮಾಡಬಾರದು. ಆತಂಕ, ಅನಿಶ್ಚಯ, ಕಾಯುವಿಕೆ ಇವು ದೇಹಶ್ರಮಕ್ಕಿಂತ ಹೆಚ್ಚಾಗಿ ರೋಗಿಯನ್ನು ಹಣ್ಣುಮಾಡುತ್ತವೆ. ಎಲ್ಲಕ್ಕಿಂತ ಖಾರವಾದ ಅಧ್ಯಾಯವೆಂದರೆ ನೋಡಲು ಬಂದವರ ಬರಿಮಾತಿನ ಭರವಸೆಗಳನ್ನು ಕುರಿತದ್ದು. 'ಏನೂ ಆಗಿಲ್ಲ, ನಾಳೆಯೇ ಎದ್ದು ಓಡಾಡುತ್ತೀರಿ' ಎಂಬ ಬಗೆಯ ಸಮಾಧಾನವು ರೋಗಿಯ ಬಾಯಿ ಮುಚ್ಚಿಸುವ ಉಪಾಯ ಎಂದು ಆಕೆ ಕಂಡುಕೊಂಡಿದ್ದರು. ಇದು ಬರಿಯ ತರ್ಕದಿಂದ ಬಂದ ತಿಳಿವಲ್ಲ. ಯುದ್ಧಭೂಮಿಯಿಂದ ಮರಳಿದ ಮೇಲೆ ಆಕೆ ತಾವೇ ವರ್ಷಗಟ್ಟಲೆ ಹಾಸಿಗೆ ಹಿಡಿದವರು. ಮಂಚದ ಎರಡು ಬದಿಗಳನ್ನೂ ಬಲ್ಲವರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಆ ಮಾದರಿ ದೇಶದೇಶಗಳಿಗೆ ಹಬ್ಬಿತು. ಹಬ್ಬಿದ ಸಂಸ್ಥೆಗಳಿಗೆ ಸಹಜವಾದ ಒಂದು ದೋಷ ಅದಕ್ಕೂ ಅಂಟಿತು. ಶಿಸ್ತನ್ನು ಕಲಿಸುವುದು ಸುಲಭ, ಅಳೆಯುವುದು ಇನ್ನೂ ಸುಲಭ. ಹಾಸಿಗೆಯ ಮಡಿಕೆ ನೇರವಾಗಿದೆಯೇ, ಉಷ್ಣತೆಯ ಪಟ್ಟಿ ತುಂಬಿದೆಯೇ, ತಲೆಯ ಟೋಪಿ ಸರಿಯಾಗಿದೆಯೇ ಎಂದು ನೋಡಿ ಹೇಳಬಹುದು. ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡದ್ದು ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಮನಸ್ಸನ್ನು ಹಚ್ಚಿಕೊಳ್ಳಬೇಡ ಎಂಬುದು ಒಳ್ಳೆಯ ದಾದಿಗೆ ಕೊಡುವ ಮೊದಲ ಬುದ್ಧಿವಾದವಾಯಿತು.

ಇದರ ಪರಿಣಾಮವನ್ನು ತೆರೆದು ತೋರಿಸಿದವರು ಇಸಾಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿ. ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ದಾದಿಯರನ್ನು ಅಭ್ಯಸಿಸಿ ಅವರು 1960ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಅಲ್ಲಿ ಒಬ್ಬ ದಾದಿಗೆ ಒಬ್ಬ ರೋಗಿ ಪೂರ್ತಿಯಾಗಿ ದೊರೆಯುತ್ತಿರಲಿಲ್ಲ. ಕೆಲಸವನ್ನು ಚೂರುಚೂರು ಮಾಡಿ ಹಂಚಲಾಗುತ್ತಿತ್ತು. ಒಬ್ಬಾಕೆ ಎಲ್ಲರ ಉಷ್ಣತೆ ನೋಡಿದರೆ ಇನ್ನೊಬ್ಬಾಕೆ ಎಲ್ಲರ ಹಾಸಿಗೆ ಸರಿಪಡಿಸಬೇಕು. ರೋಗಿಗೆ ಹೆಸರಿಲ್ಲ; ಅವನು ಇಷ್ಟನೆಯ ಮಂಚದ ಯಕೃತ್ತು, ಅಷ್ಟನೆಯ ಮಂಚದ ಶ್ವಾಸಕೋಶ. ಮೇಲುನೋಟಕ್ಕೆ ಇದು ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು. ಆದರೆ ಇದರ ನಿಜವಾದ ಕೆಲಸ ಬೇರೆಯದು ಎಂದು ಮೆನ್ಜೀಸ್ ತೋರಿಸಿದರು. ಸಾವು ನೋವುಗಳ ನಡುವೆ ದಿನಗಳೆಯುವ ಎಳೆಯ ಹುಡುಗಿಯರ ಎದೆಯಲ್ಲಿ ಏಳುವ ತಳಮಳವನ್ನು ತಡೆಯಲು ಆಸ್ಪತ್ರೆಯೇ ಕಟ್ಟಿಕೊಂಡ ಗೋಡೆ ಅದು. ಗೋಡೆಯಿಂದ ತಳಮಳವೇನೂ ನಿಲ್ಲಲಿಲ್ಲ. ಸೇರಿದ ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರನೆಯ ಒಂದು ಪಾಲು ಶಿಕ್ಷಣ ಮುಗಿಸದೆ ಬಿಟ್ಟುಹೋಗುತ್ತಿದ್ದರು. ಗೋಡೆಯ ಆಚೆ ರೋಗಿ ಒಂಟಿಯಾದ, ಈಚೆ ದಾದಿ ಒಂಟಿಯಾದಳು.

ನೋವಿನ ವಿಷಯದಲ್ಲಿ ಈ ಒಂಟಿತನ ಎಷ್ಟು ಭಯಂಕರವೆಂಬುದನ್ನು ಊಹಿಸಬಹುದು. 1846ರಲ್ಲಿ ಈಥರ್ ಅನಿಲದ ಬಳಕೆ ಬಹಿರಂಗವಾದಂದಿನಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಣ ನೋವು ಕ್ರಮೇಣ ಇಲ್ಲವಾಯಿತು. ವಾರ್ಡಿನ ಮಂಚದ ಮೇಲಣ ನೋವು ಹಾಗೆಯೇ ಉಳಿಯಿತು. ಮಾರ್ಫಿನ್ ಕೈಯಲ್ಲಿತ್ತು, ಆದರೆ ಅದು ಚಟವಾದೀತೆಂಬ ಭಯವೂ ಇತ್ತು. ಆದ್ದರಿಂದ 'ಅಗತ್ಯ ಬಿದ್ದಾಗ ಮಾತ್ರ' ಎಂಬ ನಿಯಮ. ಅಗತ್ಯ ಬಿದ್ದಿದೆಯೆಂದು ತೀರ್ಮಾನಿಸುವವನು ರೋಗಿಯಲ್ಲ. ಅವನು ನರಳಬೇಕು, ಬೇಡಬೇಕು, ನಂಬಿಸಬೇಕು. ಅಷ್ಟರಲ್ಲಿ ನೋವು ನೆತ್ತಿಗೇರಿರುತ್ತಿತ್ತು. ಔಷಧ ಇಳಿದೊಡನೆ ಮುಂದಿನ ನೋವಿನ ಭಯ ಆರಂಭವಾಗುತ್ತಿತ್ತು.

ಈ ಚಕ್ರವನ್ನು ಮುರಿದ ಹೆಸರು ಸಿಸಿಲಿ ಸಾಂಡರ್ಸ್. 1918ರಲ್ಲಿ ಹುಟ್ಟಿದ ಈಕೆ ಯುದ್ಧ ಬಂದಾಗ ಆಕ್ಸ್‌ಫರ್ಡಿನ ಓದು ಬಿಟ್ಟು ನೈಟಿಂಗೇಲ್ ಶಾಲೆಯಲ್ಲಿಯೇ ದಾದಿಯಾಗಿ ತರಬೇತಿ ಪಡೆದರು. ಬೆನ್ನುನೋವಿನಿಂದ ಆ ಕೆಲಸ ಮುಂದುವರಿಸಲಾಗದೆ, ರೋಗಿಗಳ ಮನೆಯ ಕಷ್ಟಸುಖ ವಿಚಾರಿಸುವ ಆಸ್ಪತ್ರೆಯ ಸಮಾಜಸೇವಕಿಯಾದರು. ಹಾಗೆ ಪರಿಚಯವಾದವನು ಡೇವಿಡ್ ಟಾಸ್ಮಾ. ಪೋಲೆಂಡಿನಿಂದ ಬಂದ ಯಹೂದಿ, ನಲವತ್ತರ ಪ್ರಾಯ, ಹಿಂದುಮುಂದಿಲ್ಲದ ಒಬ್ಬಂಟಿ, ಗುಣವಾಗದ ಕ್ಯಾನ್ಸರು. ಒಂದು ದಿನ ಏನಾದರೂ ಓದಿ ಹೇಳಲೇ ಎಂದು ಸಾಂಡರ್ಸ್ ಕೇಳಿದಾಗ, ಪುಸ್ತಕದಲ್ಲಿರುವುದು ಬೇಡ, ನಿನ್ನ ಬುದ್ಧಿಯಲ್ಲಿ ಏನಿದೆಯೋ ನಿನ್ನ ಹೃದಯದಲ್ಲಿ ಏನಿದೆಯೋ ಅದು ಸಾಕು ಎಂದು ಆತ ಕೇಳಿಕೊಂಡನಂತೆ. ಬುದ್ಧಿ ಮತ್ತು ಹೃದಯ ಎರಡನ್ನೂ ಜೊತೆಯಾಗಿ ಬೇಡಿದ ಆ ಮಾತು ಸಾಂಡರ್ಸರ ಮುಂದಿನ ಬಾಳಿಗೆ ಸೂತ್ರವಾಯಿತು. 1948ರಲ್ಲಿ ಆತ ತೀರಿಕೊಂಡ. ಮುಂದೆ ಆಕೆ ಕಟ್ಟಲಿರುವ ಮನೆಯಲ್ಲಿ ತಾನೊಂದು ಕಿಟಕಿಯಾಗುತ್ತೇನೆಂದು ಹೇಳಿ 500 ಪೌಂಡುಗಳನ್ನು ಬಿಟ್ಟುಹೋದ.

ಆ ಬಳಿಕ ಸಾಂಡರ್ಸ್ ಸಂಜೆಯ ಹೊತ್ತು ಸೇಂಟ್ ಲ್ಯೂಕ್ಸ್ ಎಂಬ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ದುಡಿಯತೊಡಗಿದರು. ಸಾಯುವವರಿಗೆಂದೇ ಇದ್ದ ಆ ಮನೆಯ ದಾದಿಯರು ನೋವು ಬರುವವರೆಗೆ ಕಾಯದೆ ನಾಲ್ಕು ಗಂಟೆಗೊಮ್ಮೆ ತಪ್ಪದೆ ಮಾರ್ಫಿನ್ ದ್ರವವನ್ನು ಕುಡಿಸುತ್ತಿದ್ದರು. ರೋಗಿಗಳು ಬೇಡುತ್ತಿರಲಿಲ್ಲ, ಬೇಡುವ ಸಂದರ್ಭವೇ ಬರುತ್ತಿರಲಿಲ್ಲ. ಸಾಯುವವರ ಕೈಬಿಡುವವರು ವೈದ್ಯರೇ, ಆದ್ದರಿಂದ ನೀನು ವೈದ್ಯಳಾಗಬೇಕು ಎಂದು ನಾರ್ಮನ್ ಬ್ಯಾರೆಟ್ ಎಂಬ ಶಸ್ತ್ರವೈದ್ಯರು ಆಕೆಗೆ ಹೇಳಿದರು. ಮೂವತ್ತಮೂರು ವರ್ಷದ ಆಕೆ ಹದಿಹರೆಯದವರ ಜೊತೆ ಕುಳಿತು 1957ರಲ್ಲಿ ವೈದ್ಯ ಪದವಿ ಪಡೆದರು. ಮರುವರ್ಷ ಲಂಡನ್ನಿನ ಹ್ಯಾಕ್ನಿ ಬಡಾವಣೆಯಲ್ಲಿ ಐರಿಷ್ ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಜೋಸೆಫ್ ಆಶ್ರಯಕ್ಕೆ ಹೋದರು. ಅಲ್ಲಿ ಪ್ರೀತಿ ಧಾರಾಳವಾಗಿತ್ತು, ಪದ್ಧತಿ ಇರಲಿಲ್ಲ. ಚರಕನ ಮಾತಿನಲ್ಲಿ ಹೇಳುವುದಾದರೆ ಅನುರಾಗವಿತ್ತು, ದಕ್ಷತೆ ಅದರ ಜೊತೆಗೂಡಬೇಕಿತ್ತು. ಸಾಂಡರ್ಸ್ ಹೊತ್ತಿಗೆ ಸರಿಯಾಗಿ ಔಷಧ ಕೊಡುವ ಕ್ರಮವನ್ನು ತಂದರು. ರೋಗಿಗಳ ಮಾತನ್ನು ಬರೆದಿಟ್ಟುಕೊಂಡರು, ಧ್ವನಿಮುದ್ರಣ ಮಾಡಿಕೊಂಡರು. ಏಳು ವರ್ಷಗಳಲ್ಲಿ 1,100ಕ್ಕೂ ಹೆಚ್ಚು ರೋಗಿಗಳ ದಾಖಲೆ ಸಿದ್ಧವಾಯಿತು. ಹೊತ್ತಿಗೆ ಸರಿಯಾಗಿ ಔಷಧ ಸಿಕ್ಕ ರೋಗಿ ಚಟಕ್ಕೆ ಬೀಳುತ್ತಾನೆಂಬ ಹಳೆಯ ಭಯಕ್ಕೆ ಆ ದಾಖಲೆಗಳಲ್ಲಿ ಆಧಾರ ದೊರೆಯಲಿಲ್ಲ.

ಇನ್ನೊಂದು ಸತ್ಯವೂ ಅಲ್ಲಿ ದೊರೆಯಿತು. ನೋವು ಎಲ್ಲಿದೆ ಎಂಬ ಸರಳ ಪ್ರಶ್ನೆಗೆ ಒಬ್ಬ ಹೆಂಗಸು ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಅದು ಬೆನ್ನಿನಲ್ಲಿ ಶುರುವಾಯಿತು, ಈಗ ತಾನೇ ಇಡಿಯಾಗಿ ಕೆಟ್ಟಿರುವಂತೆ ತೋರುತ್ತದೆ ಎಂದು ಆರಂಭಿಸಿದ ಆಕೆ, ಮನೆಯವರ ಬವಣೆ, ಹಣದ ಚಿಂತೆ, ಯಾರಿಗೂ ತಾನು ಅರ್ಥವಾಗುತ್ತಿಲ್ಲವೆಂಬ ಕೊರಗು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಸಾಂಡರ್ಸ್ ಇದಕ್ಕೆ 'ಸಮಗ್ರ ನೋವು' ಎಂಬ ಹೆಸರಿಟ್ಟರು. ದೇಹ, ಮನಸ್ಸು, ಸಂಸಾರ, ಆತ್ಮ ನಾಲ್ಕೂ ಸೇರಿ ನೋಯುತ್ತವೆ. ಒಂದನ್ನು ಬಿಟ್ಟು ಒಂದಕ್ಕೆ ಮದ್ದಿಲ್ಲ. 1967ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮಿನಲ್ಲಿ ಸೇಂಟ್ ಕ್ರಿಸ್ಟಫರ್ ಆಶ್ರಯ ತೆರೆಯಿತು. ಟಾಸ್ಮಾನ ಕಿಟಕಿಯ ಸುತ್ತ ಮನೆ ಕಟ್ಟಲು ಹತ್ತೊಂಬತ್ತು ವರ್ಷ ಹಿಡಿದಿತ್ತು. 2005ರಲ್ಲಿ ಸಾಂಡರ್ಸ್ ಕೊನೆಯುಸಿರೆಳೆದದ್ದೂ ಅದೇ ಮನೆಯಲ್ಲಿ.

ಮನಸ್ಸಿಗೂ ನೋವಿಗೂ ಇರುವ ಈ ನಂಟು ಬರಿಯ ಕವಿಕಲ್ಪನೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ಭಾರೀ ಗಾಯಗೊಂಡ ಸೈನಿಕರನ್ನು ವಿಚಾರಿಸಿದಾಗ, ಅವರಲ್ಲಿ ಮುಕ್ಕಾಲು ಪಾಲು ಮಂದಿ ನೋವಿನ ಔಷಧ ಬೇಡವೆಂದರು. ಆ ಗಾಯ ಅವರಿಗೆ ಯುದ್ಧದಿಂದ ಬಿಡುಗಡೆಯ ಚೀಟಿಯಾಗಿತ್ತು ಎಂಬುದು ಬೀಚರರ ವಿವರಣೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿದೆ, ಮಿದುಳಿನಿಂದ ಇಳಿದುಬರುವ ಭಯ, ಗಮನ, ನೆಮ್ಮದಿಗಳು ಅದನ್ನು ತೆರೆಯುತ್ತವೆ ಅಥವಾ ಮುಚ್ಚುತ್ತವೆ ಎಂಬ ಸಿದ್ಧಾಂತ ಮಂಡಿಸಿದರು. ಅದರ ವಿವರಗಳು ಮುಂದೆ ತಿದ್ದುಪಡಿಗೊಂಡರೂ ಮುಖ್ಯ ವಿಚಾರ ನಿಂತಿತು. ರೋಗಿಯ ಭಯವನ್ನು ತಗ್ಗಿಸುವ ದಾದಿ ಔಷಧದ ಕೆಲಸದಲ್ಲಿಯೇ ಪಾಲುಗೊಳ್ಳುತ್ತಾಳೆ.

1968ರಲ್ಲಿ ಮಾರ್ಗೋ ಮೆಕ್ಯಾಫ್ರಿ ಎಂಬ ಅಮೆರಿಕದ ದಾದಿ ನೋವಿಗೆ ಒಂದು ವ್ಯಾಖ್ಯೆ ಕೊಟ್ಟರು. ಅನುಭವಿಸುವವನು ಯಾವುದನ್ನು ನೋವು ಎನ್ನುತ್ತಾನೋ ಅದೇ ನೋವು, ಅವನು ಇದೆ ಎಂದಾಗಲೆಲ್ಲ ಅದು ಇದೆ ಎಂಬುದು ಅದರ ಸಾರ. ನೋಡಲು ಎಷ್ಟು ಸರಳ! ಆದರೆ ತೀರ್ಪು ಹೇಳುವ ಅಧಿಕಾರವನ್ನು ಅದು ನಿಂತವರಿಂದ ಕಿತ್ತು ಮಲಗಿದವನಿಗೆ ಕೊಟ್ಟಿತು. ನೋವಿಗೆ ಸಾಕ್ಷಿ ಒಬ್ಬನೇ; ಆ ಸಾಕ್ಷಿಯ ಮಾತನ್ನು ನಂಬದೆ ವಿಚಾರಣೆ ಮುಂದುವರಿಯುವುದಿಲ್ಲ.

ಹೇಳಲು ಬಾರದವರ ಗತಿ ಏನಾಗಿತ್ತು? ಜೋ ಈಲ್ಯಾಂಡ್ ಎಂಬ ಇನ್ನೊಬ್ಬ ದಾದಿ ಅಯೋವಾ ರಾಜ್ಯದಲ್ಲಿ ಮಾಡಿದ ಅಧ್ಯಯನ 1977ರಲ್ಲಿ ಬೆಳಕಿಗೆ ಬಂತು. ಶಸ್ತ್ರಚಿಕಿತ್ಸೆಗೆ ಒಳಗಾದ 25 ಮಕ್ಕಳಲ್ಲಿ 13 ಮಂದಿಗೆ ನೋವಿನ ಔಷಧವನ್ನೇ ಕೊಟ್ಟಿರಲಿಲ್ಲ. ಉಳಿದ 12 ಮಕ್ಕಳಿಗೆ ಎಲ್ಲ ಸೇರಿ ಸಿಕ್ಕಿದ್ದು 24 ಸಲ. ಅಂಥದೇ ಸ್ಥಿತಿಯ 18 ವಯಸ್ಕರಿಗೆ 671 ಸಲ ಔಷಧ ದೊರೆತಿತ್ತು. ಮಕ್ಕಳಿಗೆ ನೋವು ಕಡಿಮೆ, ಬೇಗ ಮರೆಯುತ್ತಾರೆ ಎಂಬ ನಂಬಿಕೆಯ ಬೆಲೆ ಅದು. ಕೆಲವು ವರ್ಷಗಳಲ್ಲಿ ಡೊನ್ನಾ ವಾಂಗ್ ಎಂಬ ದಾದಿಯೂ ಕೋನಿ ಬೇಕರ್ ಎಂಬ ಸಹೋದ್ಯೋಗಿಯೂ ಟಲ್ಸಾ ನಗರದಲ್ಲಿ ಸುಟ್ಟಗಾಯದ ಮಕ್ಕಳಿಗಾಗಿ ಆರು ಮುಖಗಳ ಚಿತ್ರಪಟವನ್ನು ರೂಪಿಸಿದರು. ನಗುವ ಮುಖದಿಂದ ಅಳುವ ಮುಖದವರೆಗೆ ಯಾವುದಾದರೊಂದರ ಮೇಲೆ ಮಗು ಬೆರಳಿಡಬೇಕು, ಅಷ್ಟೆ. ಮಾತು ಬಾರದ ನೋವಿಗೂ ಒಂದು ಭಾಷೆ ಸಿಕ್ಕಿತು.

ಮಾತು ಬಲ್ಲವರ ನೋವಿಗೂ ಭಾಷೆ ಬೇಕು. ಮೇಲೆ ಹೇಳಿದ ಮೆಲ್ಜಾಕ್ ಅವರೇ 1975ರಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು ವರ್ಗೀಕರಿಸಿ ಒಂದು ಪ್ರಶ್ನಾವಳಿ ಮಾಡಿದರು. ನಮ್ಮ ಕನ್ನಡ ಈ ವಿಷಯದಲ್ಲಿ ಬಡವಾಗಿಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಸೊಂಟ ಹಿಡಿಯುತ್ತದೆ, ಕಾಲು ಸೆಳೆಯುತ್ತದೆ, ಕಣ್ಣು ಉರಿಯುತ್ತದೆ, ಕಾಲು ಉಳುಕುತ್ತದೆ. ಇವೆಲ್ಲ ಬೇರೆಬೇರೆ ನೋವುಗಳು, ವೈದ್ಯನಿಗೆ ಬೇರೆಬೇರೆ ಸುಳಿವುಗಳು. ಆದರೆ ನಮ್ಮಲ್ಲಿ ಇನ್ನೊಂದು ಸಂಕಟವಿದೆ. ಹೇಗಿದೆ ಅಜ್ಜಿ ಎಂದು ಕೇಳಿದರೆ 'ಪರವಾಗಿಲ್ಲ ತಾಯಿ' ಎಂಬುದೇ ಹಿರಿಯ ಜೀವಗಳ ಉತ್ತರ. ಸಂಕೋಚ, ತೊಂದರೆ ಕೊಡಬಾರದೆಂಬ ದಾಕ್ಷಿಣ್ಯ, ಕರ್ಮವೆಂಬ ಸಹನೆ ಎಲ್ಲವೂ ಆ 'ಪರವಾಗಿಲ್ಲ'ದಲ್ಲಿ ಅಡಗಿವೆ. ಬಿಗಿಹಿಡಿದ ಮುಷ್ಟಿಯನ್ನೂ ಹಣೆಯ ಗಂಟನ್ನೂ ಓದಬಲ್ಲ ದಾದಿಗೆ ಮಾತ್ರ ಆ ಶಬ್ದದ ನಿಜಾರ್ಥ ತಿಳಿದೀತು.

ಈ ಓದುವ ಶಕ್ತಿಗೆ 1990ರಲ್ಲಿ ಸ್ಯಾಲೋವಿ ಮತ್ತು ಮೇಯರ್ ಎಂಬ ಮನಶ್ಶಾಸ್ತ್ರಜ್ಞರು 'ಎಮೋಷನಲ್ ಇಂಟೆಲಿಜೆನ್ಸ್' ಎಂಬ ಹೆಸರಿನಡಿ ಒಂದು ಶಾಸ್ತ್ರರೂಪ ಕೊಟ್ಟರು. 1995ರಲ್ಲಿ ಗೋಲ್‌ಮನ್ನರ ಪುಸ್ತಕದಿಂದ ಅದು ಮನೆಮಾತಾಯಿತು. ಅದನ್ನು ಭಾವವಿವೇಕ ಎಂದು ಕರೆಯಬಹುದೆಂದು ನನ್ನ ಭಾವನೆ. ತನ್ನ ಮತ್ತು ಇತರರ ಭಾವಗಳನ್ನು ಗುರುತಿಸುವುದು, ಅರಿಯುವುದು, ಹದದಲ್ಲಿಡುವುದು, ಅವುಗಳ ಬೆಳಕಿನಲ್ಲಿ ನಡೆಯುವುದು ಅದರ ಲಕ್ಷಣ. ಇದು ಕಣ್ಣೀರು ಸುರಿಸುವ ಮೃದುತನವಲ್ಲ. ರೋಗಿಯ ಜೊತೆ ತಾನೂ ಕುಸಿಯುವ ದಾದಿ ಸೂಜಿ ಹಿಡಿಯಲಾರಳು; ಕಲ್ಲಾದ ದಾದಿ ಸೂಜಿ ಯಾವಾಗ ಬೇಕೆಂದು ತಿಳಿಯಲಾರಳು. ಎರಡರ ನಡುವಣ ದಾರಿ ಕಿರಿದು, ಅಭ್ಯಾಸದಿಂದ ಸಾಧ್ಯವಾಗುವಂಥದು. ಅದಕ್ಕೊಂದು ತೆರವೂ ಇದೆ. ಸಂಬಳಕ್ಕಾಗಿ ಮುಖದ ಭಾವವನ್ನು ಕಾಯ್ದುಕೊಳ್ಳುವುದೂ ದುಡಿಮೆಯೇ ಎಂದು ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲಿ ವಿಮಾನದ ಪರಿಚಾರಿಕೆಯರನ್ನು ಕುರಿತು ಬರೆದರು; 1992ರಲ್ಲಿ ಪ್ಯಾಮ್ ಸ್ಮಿತ್ ಆ ಮಾತನ್ನು ದಾದಿಯರಿಗೆ ಅನ್ವಯಿಸಿದರು. ಯಾವ ಲೆಕ್ಕದ ಪುಸ್ತಕಕ್ಕೂ ಬಾರದ ಈ ದುಡಿಮೆಯಿಂದ ದಾದಿ ದಣಿಯುತ್ತಾಳೆ.

ಕೇಳುವುದನ್ನು ಅಂಕಿಯಾಗಿ ಮಾರ್ಪಡಿಸಿದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆ ಪಾಠ ಕಲಿಸಿದೆ. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ, ನಾಡಿ ಉಸಿರುಗಳಂತೆ ನೋವೂ ಐದನೆಯ ಜೀವಲಕ್ಷಣವೆಂಬ ಘೋಷಣೆ ಹೊರಟಿತು. ಉದ್ದೇಶ ಒಳ್ಳೆಯದು. ಆದರೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೇಳಿ, ಅದಕ್ಕೊಂದು ಗುಳಿಗೆ ಬರೆದುಕೊಡುವುದೇ ಅನೇಕ ಕಡೆ ಉಪಚಾರವಾಯಿತು. ಔಷಧ ತಯಾರಕರ ಲಾಭದಾಸೆಯೂ ಸೇರಿ ಆ ದೇಶ ಅಫೀಮು ಜಾತಿಯ ಮಾತ್ರೆಗಳ ವ್ಯಸನದಲ್ಲಿ ಮುಳುಗಿತು. 2016ರಲ್ಲಿ ಅಲ್ಲಿನ ವೈದ್ಯಕೀಯ ಸಂಘವೇ ಆ ಘೋಷಣೆಯನ್ನು ಕೈಬಿಡಬೇಕೆಂದಿತು. ಕೇಳುವುದಕ್ಕೂ ಅಂಕಿ ಬರೆದುಕೊಳ್ಳುವುದಕ್ಕೂ ಇರುವ ಅಂತರವನ್ನು ಲಕ್ಷಾಂತರ ಸಂಸಾರಗಳು ಕಣ್ಣೀರಿಟ್ಟು ಕಲಿಯಬೇಕಾಯಿತು.

ನಮ್ಮ ದೇಶದ ಕಥೆ ಇದಕ್ಕೆ ತಿರುಗುಮುರುಗು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುತ್ತದೆ. ಆದರೂ 1985ರ ಮಾದಕದ್ರವ್ಯ ಕಾನೂನಿನ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಮುಟ್ಟಲು ಅಂಜಿದವು. 1997ರ ಹೊತ್ತಿಗೆ ಅದರ ಬಳಕೆ ನೂರಕ್ಕೆ ಸುಮಾರು 97ರಷ್ಟು ಕುಗ್ಗಿತ್ತು. ನೆಲದಲ್ಲಿ ಔಷಧ, ಮಂಚದಲ್ಲಿ ನರಳಾಟ! ಈ ನಡುವೆ ಗಿಲ್ಲಿ ಬರ್ನ್ ಎಂಬ ಇಂಗ್ಲಿಷ್ ದಾದಿ ಭಾರತಕ್ಕೆ ಬಂದು ಇಲ್ಲಿನ ವೈದ್ಯರಿಗೂ ದಾದಿಯರಿಗೂ ನೋವಿನ ಉಪಚಾರವನ್ನು ಬೋಧಿಸಿದರು. 1993ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ನೋವಿನ ಉಪಚಾರಕ್ಕೆಂದು ಒಂದು ಸಂಘ ಕಟ್ಟಿದರು. ದಾದಿಯರೂ ಸ್ವಯಂಸೇವಕರೂ ಮನೆಮನೆಗೆ ಹೋಗಿ ನೋಡುವ ಪದ್ಧತಿ ಅಲ್ಲಿಂದ ಬೆಳೆಯಿತು. ನಮ್ಮ ಬೆಂಗಳೂರಿನಲ್ಲಿ 1999ರಲ್ಲಿ ತೆರೆದ ಕರುಣಾಶ್ರಯವು ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಬಿಗಿ ಸಡಿಲವಾಯಿತು.

ಕಾನೂನು ಬದಲಾದರೆ ಬೀರುವಿನ ಬಾಗಿಲು ತೆರೆಯುತ್ತದೆ, ಕಿವಿ ತೆರೆಯುವುದಿಲ್ಲ. ಅದಕ್ಕೆ ದಾದಿಯ ಶಿಕ್ಷಣದಲ್ಲಿ ಕೇಳುವ ವಿದ್ಯೆಗೆ ಅಂಗರಚನಾಶಾಸ್ತ್ರದಷ್ಟೇ ಗೌರವದ ಸ್ಥಾನ ಬೇಕು. ಅಷ್ಟೇ ಮುಖ್ಯವಾಗಿ, ಕೇಳಲು ಹೊತ್ತು ಬೇಕು. ಒಂದು ರಾತ್ರಿಯ ಪಾಳಿಯಲ್ಲಿ ಹತ್ತಾರು ಮಂಚಗಳನ್ನು ಒಬ್ಬಳೇ ನೋಡಬೇಕಾದ ಹೆಣ್ಣುಮಗಳಿಗೆ ಭಾವವಿವೇಕದ ಉಪನ್ಯಾಸ ಕೊಡುವುದು ಅಣಕವಾಗುತ್ತದೆ. ಅವಳ ದಣಿವನ್ನು ಕೇಳುವವರು ಯಾರು? ಮೆನ್ಜೀಸ್ ಕಂಡ ಗೋಡೆ ದಾದಿಯರ ನಿರ್ದಯತೆಯಿಂದ ಎದ್ದದ್ದಲ್ಲ. ಅವರ ಅಳಲನ್ನು ಆಸ್ಪತ್ರೆ ಕೇಳದೆ ಹೋದದ್ದರಿಂದ ಎದ್ದದ್ದು. ತನ್ನ ಮಾತನ್ನು ಯಾರೋ ಕೇಳುತ್ತಾರೆಂಬ ನೆಚ್ಚಿಕೆ ಇರುವವಳು ಮಾತ್ರ ಇನ್ನೊಬ್ಬರ ಮಾತಿಗೆ ಕಿವಿಗೊಡಬಲ್ಲಳು. ನೋವನ್ನು ಪೂರ್ತಿಯಾಗಿ ಕಳೆಯುವ ಮದ್ದು ಎಲ್ಲ ಕಾಲಕ್ಕೂ ಎಲ್ಲರಿಗೂ ದೊರೆಯಲಾರದು. ನಿನ್ನ ನೋವು ನಿಜ, ಅದನ್ನು ನಾನು ನಂಬುತ್ತೇನೆ ಎಂಬ ಒಂದು ಭರವಸೆಯನ್ನಾದರೂ ಯಾವ ಬಡ ಆಸ್ಪತ್ರೆಯೂ ಕೊಡಬಹುದು. ಅದನ್ನು ಕೊಡಬಲ್ಲವಳನ್ನು ದಣಿಯದಂತೆ ಕಾಪಾಡುವ ಹೊಣೆ ಮಾತ್ರ ಮಂಚದ ಹೊರಗೆ ಓಡಾಡುತ್ತಿರುವ ನಮ್ಮೆಲ್ಲರದು.